ಖಾನಾವಳಿ ಕಾಕಾನ ಹಲಗೆ

ಹಳೆಯ ಪುಸ್ತಕಗಳನ್ನು ಕಪಾಟಿನಿಂದ ಇಳಿಸುತ್ತಿದ್ದಾಗ ಭೌತಶಾಸ್ತ್ರದ ಒಂದು ಪಠ್ಯದೊಳಗಿಂದ ಚೀಟಿಯೊಂದು ಜಾರಿ ಬಿತ್ತು. ಖಾನಾವಳಿಯ ಬಿಲ್ಲಿನ ಹಿಂಬದಿ. ರೊಟ್ಟಿಯ ಜೊತೆಗಿನ ಶೇಂಗಾ ಹಿಂಡಿಯ ಎಣ್ಣೆ ಹೀರಿಕೊಂಡು ಒಂದು ಮೂಲೆ ಗಾಜಿನಂತಾಗಿತ್ತು. ಅದರ ಮೇಲೆ ನನ್ನದೇ ಅಕ್ಷರ: 110 + 15 = 125. ಕೆಳಗೆ ಎರಡು ಗೆರೆ ಎಳೆದು, ‘160 ಲೀಟರಿಗೆ ಕಡಿಮೆ ಬೇಡ’ ಎಂದು ಬರೆದಿದ್ದೆ. ಚೊಕ್ಕ ಮಾಡಿ ಬರೆದದ್ದನ್ನು ಕಾಕಾ ಒಯ್ದಿದ್ದರು. ಇದು ಕರಡು, ನನ್ನ ಹತ್ತಿರವೇ ಉಳಿದುಬಿಟ್ಟಿತ್ತು…

ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷಗಳಾಗಿದ್ದವು. ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸಲು ಹೊಸದಾಗಿ ಸೇರಿದ್ದೆ. ಒಬ್ಬಳೇ ಬಾಡಿಗೆ ಕೋಣೆಯಲ್ಲಿದ್ದೆ. ಎರಡು ಹೊತ್ತಿನ ಊಟ ಪಕ್ಕದ ಖಾನಾವಳಿಯಲ್ಲಿ. ಅದನ್ನು ನಡೆಸುತ್ತಿದ್ದ ಗಂಡ ಹೆಂಡತಿಯನ್ನು ಓಣಿಯವರೆಲ್ಲ ಕಾಕಾ, ಕಾಕು ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಹೊರಗೆ ಗಂಡಸರ ಗದ್ದಲವಿದ್ದರೆ ಕಾಕು ನನ್ನನ್ನು ಒಳಗೆ, ಒಲೆಯ ಹತ್ತಿರ ಕೂಡಿಸಿ ಬಿಸಿ ರೊಟ್ಟಿ ಹಾಕುತ್ತಿದ್ದರು.

ಕಾಕಾ ಭಾರೀ ದೇಹದವರು. ಐವತ್ತರ ಆಸುಪಾಸು. ಗಲ್ಲೆಯ ಹಿಂದೆ ಅವರಿಗೆಂದೇ ಮಾಡಿಸಿದ ಸಾಗವಾನಿ ಕುರ್ಚಿ ಇತ್ತು. ಮೊಣಕಾಲು ನೋವಿನಿಂದ ಹೆಚ್ಚು ಹೊತ್ತು ನಿಲ್ಲಲಾರರು. ಆದರೆ ಅವರು ಹುಟ್ಟಿ ಬೆಳೆದದ್ದು ಗಳಗನಾಥದಲ್ಲಿ, ಹೊಳೆಯ ದಂಡೆಯ ಮೇಲೆ. ಹರೆಯದಲ್ಲಿ ಈ ದಂಡೆಯಿಂದ ಆ ದಂಡೆಗೆ ಈಜಿ, ಕುಳಿತು ಸುಧಾರಿಸಿಕೊಳ್ಳದೆ ಹಾಗೆಯೇ ತಿರುಗಿ ಬರುತ್ತಿದ್ದರಂತೆ. ಕಾಕು ಇದನ್ನು ಹೇಳುವಾಗ ರೊಟ್ಟಿ ತಟ್ಟುವ ಕೈ ಒಂದು ಕ್ಷಣ ನಿಲ್ಲುತ್ತಿತ್ತು.

ಆ ವರ್ಷ ಬೇಸಿಗೆಯಲ್ಲಿ ಓಣಿಯ ಅಂಗಡಿಕಾರರೆಲ್ಲ ಗಾಡಿ ಮಾಡಿಕೊಂಡು ಗೋವಾಕ್ಕೆ ಹೋಗಿದ್ದರು. ಅಲ್ಲಿ ಸಮುದ್ರದ ಮೇಲೆ ಜನ ಉದ್ದನೆಯ ಹಲಗೆಗಳ ಮೇಲೆ ನಿಂತು, ಕೆಲವರು ಹಾಯಿ ಹಿಡಿದು, ಗಾಳಿಗೆ ಓಡುತ್ತಿದ್ದರಂತೆ. ಕಾಕಾನಿಗೂ ಒಮ್ಮೆ ನಿಲ್ಲುವ ಆಸೆಯಾಯಿತು. ಹಲಗೆ ಬಾಡಿಗೆ ಕೊಡುವವನು ಅವರನ್ನು ಮೇಲಿಂದ ಕೆಳಗೆ ನೋಡಿ ತಲೆ ಅಲ್ಲಾಡಿಸಿದ. ಅವನು ಒರಟಾಗಿ ಏನೂ ಹೇಳಲಿಲ್ಲವಂತೆ. ನಕ್ಕವರು ಜೊತೆಗೆ ಹೋದವರು. ಇಪ್ಪತ್ತು ವರ್ಷ ಅವರ ಕೈಯ ಊಟ ಉಂಡವರು…

ಊರಿಗೆ ಬಂದ ಮೇಲೆ ಕಾಕಾ ಮಾತು ಕಡಿಮೆ ಮಾಡಿದರು. ಒಂದು ಮಧ್ಯಾಹ್ನ ಊಟದ ಗಿರಾಕಿಗಳೆಲ್ಲ ಹೋದ ಮೇಲೆ ನನ್ನ ಎದುರಿಗೆ ಬಂದು ಕುಳಿತರು.

“ಮೇಡಮ್ಮಾರ, ಇಂತಿಷ್ಟು ತೂಕ ಇದ್ದಾವ ನೀರಿನ ಹಲಗಿ ಮ್ಯಾಲ ನಿಂದರಬಾರದು ಅಂತ ನಿಮ್ಮ ಪುಸ್ತಕದಾಗ ಎಲ್ಲೆರ ಬರದಾರೇನ್ರಿ?”

“ಹಂಗೇನಿಲ್ರಿ ಕಾಕಾ. ಹಲಗಿ ಎಷ್ಟು ನೀರು ಸರಸತೈತಿ, ಅಷ್ಟು ಭಾರ ಹೊರತೈತಿ. ಭಾರ ಜಾಸ್ತಿ ಇದ್ದರ ದೊಡ್ಡ ಹಲಗಿ ಬೇಕು, ಅಷ್ಟ. ನಿಮ್ಮ ತೂಕ ಎಷ್ಟ್ರಿ?”

ಅವರು ಒಮ್ಮೆ ಅಡುಗೆಮನೆಯ ಕಡೆ ನೋಡಿ, “ನೂರಾ ಹತ್ತು” ಎಂದರು.

ಬಿಲ್ಲಿನ ಹಿಂದೆ ಲೆಕ್ಕ ಹಾಕಿದೆ. ಮನುಷ್ಯನ ತೂಕ, ಹಲಗೆಯದೇ ತೂಕ ಒಂದು ಹದಿನೈದು ಕೆಜಿ. ಬರೀ ತೇಲಲು ನೂರಾ ಇಪ್ಪತ್ತೈದು ಲೀಟರಿನ ಗಾತ್ರ ಸಾಕು, ಆದರೆ ಅಲ್ಲಾಡದೆ ನಿಲ್ಲಬೇಕಾದರೆ ಇನ್ನಷ್ಟು ಬೇಕು. ಅಗಲ ಇದ್ದಷ್ಟೂ ಒಳ್ಳೆಯದು, ಮೂತಿ ಚೂಪಿದ್ದದ್ದು ಬೇಡ ಎಂದೂ ಹೇಳಿದೆ. ಚೊಕ್ಕ ಮಾಡಿ ಬರೆದುಕೊಟ್ಟ ಚೀಟಿಯನ್ನು ಅವರು ನಾಲ್ಕು ಮಡಿಕೆ ಮಾಡಿ ಎದೆಯ ಕಿಸೆಯಲ್ಲಿ ಇಟ್ಟುಕೊಂಡರು. ಮುಂದಿನ ವಾರ ಬ್ಯಾಡಗಿಯಿಂದ ಮೆಣಸಿನಕಾಯಿ ಹೇರಿಕೊಂಡು ಗೋವಾಕ್ಕೆ ಹೊರಟ ಲಾರಿಯಲ್ಲಿ ಡ್ರೈವರನ ಪಕ್ಕ ಕುಳಿತು ಹೋದರು. ಎರಡು ದಿನ ಬಿಟ್ಟು ಅದೇ ಲಾರಿಯ ಮೇಲೆ ಕೆಂಪು ಪಟ್ಟೆಯ ಹಲಗೆಯೊಂದು ಖಾನಾವಳಿಯ ಮುಂದೆ ಇಳಿಯಿತು. ಸೆಕೆಂಡ್ ಹ್ಯಾಂಡ್. ಬಾಲದ ಹತ್ತಿರ 165 ಎಂದು ಅಚ್ಚಾಗಿತ್ತು. ಕಾಕು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ನೋಡಿ, ಹಾಗೆಯೇ ಒಳಗೆ ಹೋದರು.

ಮಳೆಗಾಲ ಮುಗಿದು ಹೊಳೆ ಶಾಂತವಾದ ಮೇಲೆ ಒಂದು ರವಿವಾರ ಗಳಗನಾಥಕ್ಕೆ ಹೋದೆವು. ಗುಡಿಯ ಹಿಂದೆ ನೀರು ಕನ್ನಡಿಯ ಹಾಗೆ ನಿಂತಿತ್ತು. ಹರಗೋಲು ನಡೆಸುವವರು, ಬಟ್ಟೆ ಒಗೆಯುವವರು, ಗುಡಿಗೆ ಬಂದವರು, ಎಲ್ಲ ಸೇರಿದರು. ಕಾಕಾ ಹಲಗೆಯ ಮೇಲೆ ಮೊಣಕಾಲೂರಿದರು. ಹಲಗೆ ಕೆಳಗಿಳಿಯಿತು, ನೀರು ಅದರ ಅಂಚು ಹತ್ತಿ ಮೇಲೆ ಹರಿಯಿತು. ಎದ್ದು ನಿಲ್ಲಲು ಹೋದಾಗ ಅದು ಪಕ್ಕಕ್ಕೆ ಹೊರಳಿ ಅವರನ್ನು ನೀರಿಗೆ ಕೆಡವಿತು. ಮತ್ತೆ ಹತ್ತಿದರು, ಮತ್ತೆ ಬಿದ್ದರು. ಐದನೆಯ ಸಲಕ್ಕೆ ದಂಡೆಯ ಮೇಲಿನ ನಗು ಬಯಲಾಗಿಯೇ ಕೇಳತೊಡಗಿತು. ಕಾಕು ಮುಖ ತಿರುಗಿಸಿ ಗುಡಿಯ ಗೋಡೆಯನ್ನೇ ನೋಡುತ್ತ ನಿಂತಿದ್ದರು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಲೆಕ್ಕವನ್ನು ಮೂರು ಸಲ ಮಾಡಿದೆ. ಎಲ್ಲಿ ತಪ್ಪಿದೆನೋ ತಿಳಿಯದು. ಹುಡುಗರಿಗೆ ತೇಲುವ ನಿಯಮ ಕಲಿಸುವ ನಾನು ಒಬ್ಬ ದೊಡ್ಡ ಮನುಷ್ಯನನ್ನು ಅವರ ಹುಟ್ಟೂರಿನ ಜನರೆದುರು ಮುಳುಗಿಸಿದೆನಲ್ಲ ಎಂಬ ಸಂಕಟ. ಕಾಕಾ ನಾಲ್ಕು ದಿನ ಗಲ್ಲೆಗೆ ಬರಲಿಲ್ಲ. ಐದನೆಯ ದಿನ ನಾನೇ ಒಳಕೋಣೆಗೆ ಹೋಗಿ ಹೇಳಿದೆ. “ಕಾಕಾ, ನನ್ನ ಲೆಕ್ಕ ಎಲ್ಲೋ ತಪ್ಪೈತ್ರಿ. ನನ್ನಿಂದ ನಿಮಗ ಹಿಂಗಾತು.”

ಕಾಕಾ ಮಂಚದ ಮೇಲೆ ಎದ್ದು ಕುಳಿತರು.

“ನೀವು ತಪ್ಪು ಹೊತಗೋಬ್ಯಾಡ್ರಿ. ಲೆಕ್ಕ ಬರೋಬ್ಬರಿ ಐತಿ. ನಾ ಕೊಟ್ಟ ತೂಕನ ಸುಳ್ಳು. ನೂರಾ ಹತ್ತು ಅನ್ನೂದು ಹತ್ತು ವರ್ಷದ ಹಿಂದಿಂದು. ಆಮ್ಯಾಲೆ ದವಾಖಾನಿ ಕಾಟಾದ ಮುಳ್ಳು ಕಡೀ ಗೆರಿಗೆ ಹೋಗಿ ನಿಂತಬಿಡ್ತು. ಅವತ್ತಿಂದ ನಾ ಕಾಟಾ ಹತ್ತೇ ಇಲ್ಲ.” ಮೊಣಕಾಲು ನೀವಿಕೊಳ್ಳುತ್ತ ಮುಂದುವರಿಸಿದರು. “ಗೋವಾದಾಗ ಹಲಗಿ ಮಾರಾಂವ ನನ್ನ ನೋಡಿ, ಹಳದಿ ಹಲಗಿ ತಗೋರಿ, ಅದು ದೊಡ್ಡದೈತಿ ಅಂದಿದ್ದ. ನಾನ ಸಿಟ್ಟಿಗೆದ್ದು ನಿಮ್ಮ ಚೀಟಿ ತೋರಿಸಿದೆ.”

ಕಾಕು ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದರು. “ಖರೇ ಹೇಳಿದ್ರ ಯಾರರ ನಿಮ್ಮನ್ನ ಬಿಟ್ಟು ಹೋಗ್ತಿದ್ರೇನು? ಇಷ್ಟು ವರ್ಷ ನಿಮ್ಮ ಅಂಗಿ ಹೊಲಸಾಕ ಅಳತಿ ಕೊಟ್ಟು ಬಂದಾಕಿ ಯಾರು?” ಎಂದರು. ಬೈದಂತಿತ್ತು, ಆದರೆ ಕಣ್ಣು ತುಂಬಿದ್ದವು.

ಮುಂದಿನ ವಾರ ಮೂವರೂ ಬ್ಯಾಡಗಿಗೆ ಹೋದೆವು. ಕಾಕಾ ಖಾನಾವಳಿಗೆ ಮೆಣಸಿನಕಾಯಿ ಕೊಳ್ಳುತ್ತಿದ್ದ ಅಡತಿ ಅಂಗಡಿಯಲ್ಲಿ ಚೀಲ ತೂಗುವ ದೊಡ್ಡ ಕಾಟಾ ಇತ್ತು. ಘಾಟಿಗೆ ಎಲ್ಲರೂ ಸೀನುತ್ತಿದ್ದೆವು. ಕಾಕಾ ಚಪ್ಪಲಿ ಬಿಟ್ಟು, ಗುಡಿಯ ಮೆಟ್ಟಿಲು ಹತ್ತುವವರ ಹಾಗೆ, ಅದರ ಮೇಲೆ ನಿಂತರು. ತೂಗುವ ಹಮಾಲ ವಯಸ್ಸಾದವನು. ಚೀಲದ ತೂಕವನ್ನು ಇಡೀ ಯಾರ್ಡಿಗೆ ಕೇಳುವಂತೆ ಕೂಗುವವನು, ಕಾಕಾನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದ. ಕಾಕಾ ನಮ್ಮ ಕಡೆ ತಿರುಗಿದರು.

“ನೂರಾ ಮೂವತ್ತೆಂಟು. ಬರಕೋರಿ ಮೇಡಮ್ಮಾರ.”

ಜೋರಾಗಿಯೇ ಹೇಳಿದರು. ಯಾರೂ ನಗಲಿಲ್ಲ.

ಕೆಂಪು ಹಲಗೆ ತಿರುಗಿ ಗೋವಾಕ್ಕೆ ಹೋಯಿತು, ಹಳದಿಯದು ಬಂತು. ಹಾಯಿಯ ಕಂಬ ನಿಲ್ಲಿಸಲು ನಡುವೆ ತೂತಿದ್ದ ಹಳೆಯ ಕಾಲದ ಹಲಗೆ. ಹನ್ನೆರಡು ಅಡಿ ಉದ್ದ, ಇನ್ನೂರಾ ನಲವತ್ತು ಲೀಟರು, ನೋಡಲು ಬಾಗಿಲಿನಂತೆ. ಗಳಗನಾಥದಲ್ಲಿ ಅದು ಕಾಕಾನನ್ನು ಹೊತ್ತುಕೊಂಡು ನೀರಿನ ಮೇಲೆಯೇ ನಿಂತಿತು. ಅವರು ಮೊದಲು ಮೊಣಕಾಲೂರಿ, ಆಮೇಲೆ ಒಂದು ಪಾದ, ಆಮೇಲೆ ಇನ್ನೊಂದು… ಹರಗೋಲಿನವರು ಕೊಟ್ಟ ಉದ್ದನೆಯ ಹುಟ್ಟು ಹಿಡಿದು ನೆಟ್ಟಗೆ ನಿಂತರು. ನೆಲದ ಮೇಲೆ ಹತ್ತು ಹೆಜ್ಜೆಗೆ ಏದುಸಿರು ಬಿಡುತ್ತಿದ್ದ ಮನುಷ್ಯ ಹೊಳೆಯ ನಡುವಿಗೆ ಹೋಗಿ, ತಿರುಗಿ, ನಮ್ಮತ್ತ ಕೈ ಎತ್ತಿದರು. ಕಾಕು ಆ ದಿನ ಗೋಡೆ ನೋಡಲಿಲ್ಲ.

ಮುಂದಿನ ಆಷಾಢದ ಗಾಳಿಗೆ ಹಾವೇರಿಯ ಹೆಗ್ಗೇರಿ ಕೆರೆಯಲ್ಲಿ ಹಾಯಿಯನ್ನೂ ಕಟ್ಟಿದರು. ಎಷ್ಟು ಸಲ ಬಿದ್ದರೋ ಲೆಕ್ಕವಿಲ್ಲ. ಒಂದೇ ಒಂದು ಸಲ ಗಾಳಿ ಸರಿಯಾಗಿ ಹಾಯಿ ಹಿಡಿದು ಅವರನ್ನು ಕೆರೆಯ ಅರ್ಧದವರೆಗೆ ಒಯ್ದಿತು. ಅವರು ಕೂಗಿದ್ದು ಏರಿಯ ಮೇಲಿದ್ದ ನಮಗೆ ಕೇಳಿಸಿತು. ಮಾತಲ್ಲ, ಬರೀ ಕೂಗು.

ಆಮೇಲೆ ನನಗೆ ಬೇರೆ ಊರಿನ ಕಾಲೇಜಿನಲ್ಲಿ ಕೆಲಸವಾಯಿತು. ಮೊದಮೊದಲು ಫೋನ್ ಮಾಡುತ್ತಿದ್ದೆ, ಬರಬರುತ್ತ ಹಬ್ಬಕ್ಕಷ್ಟೇ, ಕೊನೆಗೆ ಅದೂ ಇಲ್ಲ… ಕಾಕಾ ಹೃದಯ ನಿಂತು ಹೋದ ಸುದ್ದಿ ನನಗೆ ಮುಟ್ಟಿದಾಗ ನಾಲ್ಕು ತಿಂಗಳಾಗಿತ್ತು. ಹೋಗಬೇಕಿತ್ತು. ಯಾವ ಮುಖ ಹೊತ್ತು ಹೋಗಲಿ ಎನ್ನುತ್ತಲೇ ವರ್ಷಗಳು ಸರಿದವು.

ಚೀಟಿ ಸಿಕ್ಕ ಮರುದಿನ ಬಸ್ಸು ಹತ್ತಿ ರಾಣೆಬೆನ್ನೂರಿಗೆ ಹೋದೆ. ಖಾನಾವಳಿಯನ್ನು ಈಗ ಬೇರೆಯವರು ನಡೆಸುತ್ತಾರೆ. ಕಾಕು ಹಿಂದಿನ ಮನೆಯಲ್ಲಿದ್ದಾರೆ. “ಬಾರವ್ವ, ಕುಂದರು. ಎಷ್ಟು ವರ್ಷಕ್ಕ ನೆನಪಾತು?” ಎಂದರಷ್ಟೆ, ಮತ್ತೆ ಆ ಮಾತು ತೆಗೆಯಲಿಲ್ಲ. ಹಳದಿ ಹಲಗೆ ಹಿತ್ತಲಿನ ತಗಡಿನ ಕೆಳಗೆ ಹಾಗೇ ಇತ್ತು, ಮೇಲೆ ತಾಡಪತ್ರಿ ಹೊದಿಸಿದ್ದರು.

“ನೀ ಹೋದ ಮ್ಯಾಲ ನನ್ನೂ ಕರಕೊಂಡು ಹೋಗಾಕ ಹತ್ತಿದ್ರು. ಮುಂದ ನನ್ನ ಕುಂದರಸೂದು, ಹಿಂದ ತಾವು ನಿಂದರೂದು. ಆಚಿ ದಂಡಿಗೆ ಹೋಗಿ ಬುತ್ತಿ ಬಿಚ್ಚಿ ಉಂಡು ಬರತಿದ್ವಿ. ಮದಿವ್ಯಾದಾಗಿಂದ ಅಷ್ಟು ಮಾತಾಡಿದ್ದ ಇಲ್ಲ ನೋಡು ನಾವು.”

“ಅವರು ಹೋದ ಮ್ಯಾಲ ಹೊಳಿಗೆ ಹೋಗಿದ್ರೇನು ಕಾಕು?” ಎಂದೆ.

ಕಾಕು ತಾಡಪತ್ರಿಯ ಮೂಲೆ ಸರಿಮಾಡಿದರು.

“ಒಮ್ಮೆ ಹೋಗಿದ್ದೆ. ತಮ್ಮನ ಮಗ ಹಗ್ಗ ಹಿಡಕೊಂಡಿದ್ದ. ಆದ್ರ ಒಬ್ಬಾಕೀನ ಕುಂತರ ಅದು ಭಾಳ ಅಲ್ಲಾಡತೈತವ್ವ.”