ಜಾರಲಿಕ್ಕೆಂದೇ ಕಟ್ಟಿಸಿದ ನೆಲ

ದಾಂಡೇಲಿಯಲ್ಲಿ ಮಕ್ಕಳಿಗೆ ಸ್ಕೇಟಿಂಗ್ ಕಲಿಸುತ್ತಿದ್ದ ಕಾಲದಲ್ಲಿ ನನಗೆ ಇಬ್ಬರೇ ಶತ್ರುಗಳು: ಕಟ್ಟಿಗೆ ಲಾರಿ ಮತ್ತು ಎಮ್ಮೆ. ಕಲಿಸುತ್ತಿದ್ದದ್ದು ರಸ್ತೆಯಲ್ಲೇ, ಬೇರೆ ಜಾಗ ಎಲ್ಲಿತ್ತು? ಒಮ್ಮೆ ಲಾರಿಯೊಂದು ನಮ್ಮೆದುರು ಗಕ್ಕನೆ ಬ್ರೇಕ್ ಹಾಕಿದ ಮೇಲೆ, ಸ್ಕೇಟಿಂಗಿಗೊಂದು ಮೈದಾನ ಬೇಕೇ ಬೇಕೆಂದು ತಂದೆತಾಯಿಗಳು ಊರ ಹಿರಿಯರಿಗೆ ಗಂಟುಬಿದ್ದರು. ಜಾಗ ಸಿಕ್ಕಿತು. ಯಾರಿಗೂ ಬೇಡವಾಗಿತ್ತು, ಅದಕ್ಕೇ ಸಿಕ್ಕಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಇಳಿಜಾರು, ನಡುವೆ ಮಳೆನೀರು ಕೊರೆದ ದೊಡ್ಡ ತಗ್ಗು. ಸಮ ಮಾಡಲು ಹೋಗಿದ್ದರೆ ನಮ್ಮ ಆಯುಷ್ಯವೇ ಮುಗಿಯುತ್ತಿತ್ತು. ತಗ್ಗು ತಗ್ಗಾಗಿಯೇ ಇರಲಿ, ಬೋಗುಣಿಯ ಹಾಗೆ ಗುಂಡಗೆ ಮಾಡಿ, ತಳದಲ್ಲಿ ನೀರು ಹೋಗಲು ಪೈಪು ಇಟ್ಟು, ಸಿಮೆಂಟು ಹಾಕಿಸೋಣ ಎಂದೆ. ಮಕ್ಕಳು ಒಂದು ದಡದಿಂದ ಇಳಿದು, ಅದೇ ರಭಸದಲ್ಲಿ ಇನ್ನೊಂದು ದಡ ಹತ್ತಬೇಕು.

ಕೆಲಸ ಹಿಡಿದವರು ಸನವಳ್ಳಿ ಕಡೆಯ ಒಬ್ಬ ಗೌಂಡಿ ಕಾಕಾ. ತಾವು ಹಾಕಿದ ನೆಲದ ಮೇಲೆ ಇಲ್ಲಿಯವರೆಗೆ ಒಬ್ಬರೂ ಜಾರಿ ಬಿದ್ದಿಲ್ಲ ಎಂಬುದೇ ಅವರ ದೊಡ್ಡ ಹೆಮ್ಮೆ. ಚಹಾ ಕೊಟ್ಟಾಗಲೆಲ್ಲ ಅದನ್ನು ಹೇಳುತ್ತಿದ್ದರು.

ತಂಗಿಯ ಸೀಮಂತಕ್ಕೆಂದು ಹಳಿಯಾಳಕ್ಕೆ ಹೋಗಿ ಬರುವಷ್ಟರಲ್ಲಿ ನೆಲ ಗಟ್ಟಿಯಾಗಿತ್ತು. ನೋಡಿದರೆ ಬೋಗುಣಿಯ ತುಂಬ ಹುರಿ ಒತ್ತಿದ ಚೌಕಳಿ ಗೆರೆ! ಒದ್ದೆಯಲ್ಲಿ ಕಾಲು ಜಾರದಿರಲೆಂದು ನಮ್ಮ ಕಡೆ ಅಂಗಳಕ್ಕೂ ಬಚ್ಚಲಿಗೂ ಹಾಕುವಂಥದ್ದು. ನನಗೆ ಪಿತ್ತ ನೆತ್ತಿಗೇರಿತು.

“ಕಾಕಾ, ಇದೇನ ಮಾಡೀರಿ? ಹುಡುಗ್ರು ಜಾರಬೇಕ್ರಿ ಇಲ್ಲೆ!”

“ಜಾರ್ಲಿ ಅಂತ ಯಾರರ ನೆಲಾ ಹಾಕಸ್ತಾರೇನ್ರಿ ಅಕ್ಕಾರ? ಕೂಸುಗೋಳು ಬಿದ್ರ ನನ್ನ ಹೆಸರು ಏನಾದೀತು?”

ಮಾತಿಗೆ ಮಾತು ಬೆಳೆಯಿತು. ಕೊನೆಗೆ ನಾನೇ ಚಕ್ರದ ಬೂಟು ಕಟ್ಟಿಕೊಂಡು ದಡದಿಂದ ಇಳಿದೆ. ಅರ್ಧ ದಾರಿಯಲ್ಲಿ ಚಕ್ರ ಗೆರೆಗೆ ಸಿಕ್ಕಿಕೊಂಡಿತು. ಮೊಣಕಾಲು ತರಚಿಕೊಂಡು ಬೋಗುಣಿಯ ತಳದಲ್ಲಿ ಬೋರಲಾಗಿ ಬಿದ್ದೆ. ಎದ್ದು ಕೂತು ನೋವಿಗೂ ಸಿಟ್ಟಿಗೂ ನಕ್ಕೆ. ಕಾಕಾ ನಗಲಿಲ್ಲ. ಅವರ ನೆಲದ ಮೇಲೆ ಬಿದ್ದವರಲ್ಲಿ ಮೊದಲನೆಯವಳು ನಾನೇ, ಅದೂ ಬೀಳದಿರಲೆಂದು ಹಾಕಿದ ಗೆರೆಯಿಂದ! ಅವರ ಮುಖ ಸಣ್ಣದಾಗಿದ್ದನ್ನು ನೋಡಿ ನನಗೇ ಪಾಪ ಅನ್ನಿಸಿತು.

ಮರುದಿನದಿಂದ ಆ ನೆಲವನ್ನೆಲ್ಲ ಕೊಚ್ಚಿ, ಮೇಲೆ ಇನ್ನೊಂದು ಪದರ ಹಾಕಿ ತಿಕ್ಕಿದರು. ಕೈಯಾಡಿಸಿದರೆ ತಟ್ಟೆಯಷ್ಟು ನುಣುಪು. ಆದರೆ ಒಂದು ಕರಾರು ಹಾಕಿದರು.

“ಇದನ್ನ ನಾ ಕಟ್ಟೀನಿ ಅಂತ ಮಾತ್ರ ಯಾರ ಮುಂದೂ ಹೇಳಬ್ಯಾಡ್ರಿ.”

ಮಕ್ಕಳನ್ನು ಇಳಿಸಿದ ದಿನ ಅವರೂ ಬಂದರು, ಬಂದು ಬಂಡೆಯ ಮರೆಯಲ್ಲಿ ನಿಂತರು. ಮೊದಲು ಹೊರಟವಳು ನನ್ನ ಶಿಷ್ಯೆಯರಲ್ಲೇ ಎಲ್ಲರಿಗಿಂತ ಚಿಕ್ಕವಳು. ಕಾಕಾ ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು. ಅವಳು ಸರ್ರನೆ ಇಳಿದಳು, ಆಚೆ ದಡ ಹತ್ತಿದಳು, ನಿಂತು ಕೈ ಬೀಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಕಾ ಮೆಲ್ಲಗೆ ಒಂದು ಕಣ್ಣು ತೆರೆದರು. ಆಮೇಲೆ ಬಂಡೆಯ ಮರೆಯಿಂದ ಹೊರಗೆ ಬಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದರು.

“ಯವ್ವಾ, ಇನ್ನೊಮ್ಮೆ ಬಾರ! ಕಟ್ಟಿದಂವ ನಾನು, ನಾನ ನೋಡಿಲ್ಲ!”