ವಹಿಯೊಳಗಿಲ್ಲದ ಎಲೆ

ಹೋದ ತಿಂಗಳು ಆಳಂದದಿಂದ ಮಾದನಹಿಪ್ಪರಗಾಕ್ಕೆ ಹೊರಟಿದ್ದ ಬಸ್ಸು ಪಂಕ್ಚರ್ ಆಗಿ, ನಾವೆಲ್ಲ ಇಳಿದು ರಸ್ತೆಬದಿಗೆ ನಿಂತಿದ್ದೆವು. ಸ್ಟೆಪ್ನಿ ಇದೆಯೋ ಇಲ್ಲವೋ, ಇದ್ದರೂ ಅದರಲ್ಲಿ ಗಾಳಿ ಇದೆಯೋ ಇಲ್ಲವೋ ಎಂದು ಕಂಡಕ್ಟರಿಗಿಂತ ಮೊದಲು ನಾನು ಚಿಂತೆಗೆ ಬಿದ್ದಿದ್ದೆ. ಐವತ್ತರ ಹತ್ತಿರ ಬಂದ ನನಗೆ ಚೆನ್ನಾಗಿ ಬರುವ ಕಸುಬು ಅದೊಂದೇ. ಆಗ ಒಂದು ಆಡಿನ ಹಿಂಡು ಹೊಲದ ಬದುವನ್ನು ತುಳಿದುಕೊಂಡು ಹೋಯಿತು. ಅದರ ಹಿಂದೆಯೇ ಒಂದು ವಾಸನೆ ಬಂತು. ಮೊದಲು ಕಹಿ, ಬೆನ್ನಿಗೇ ಒಂದಿಷ್ಟು ಕರ್ಪೂರ, ಕೊನೆಗೆ ಬಿಸಿಲಿಗೆ ಕಾದ ಮಣ್ಣು. ಅದು ನಮ್ಮ ಆಯಿಯ ವಾಸನೆ. ಅಪ್ಪನ ತಾಯಿ, ನನ್ನನ್ನು ಬೆಳೆಸಿದಾಕೆ, ತೀರಿಕೊಂಡು ಎಷ್ಟೋ ವರ್ಷವಾದ ಆಯಿ. ತಿರುಗಿ ನೋಡಿದೆ. ಹೇಳಲು ನಾಚಿಕೆ, ಆದರೂ ನೋಡಿದೆ.

ಮಾದನಹಿಪ್ಪರಗಾದ ನಮ್ಮ ಮನೆ ಕಲ್ಲಿನದು, ಮೇಲೆ ಮಣ್ಣಿನ ಮಾಳಿಗೆ. ಬೆಳಕಿಂಡಿಯಿಂದ ಬಿದ್ದ ಬಿಸಿಲಿನಲ್ಲಿ ಕೂತು ಆಯಿ ಎಲೆ ಅರೆಯುತ್ತಿದ್ದಳು. ಕೆಮ್ಮುವವರು, ಹಲ್ಲು ಹಿಡಿದುಕೊಂಡವರು, ಕೂಸು ಎತ್ತಿಕೊಂಡವರು ಹೊರಗೆ ಕಟ್ಟೆಯ ಮೇಲೆ ಕಾಯುತ್ತಿದ್ದರು. ಆಯಿಗೆ ಎರಡು ಕಟ್ಟಳೆ. ಗಿಡ ಮುಟ್ಟುವ ಮೊದಲು ಬೇರಿಗೆ ಒಂದು ಚಿಟಿಕೆ ಜೋಳ ಹಾಕಬೇಕು, ಕೊಡದೆ ಇಸಕೊಳ್ಳುವಂತಿಲ್ಲ. ಮತ್ತೆ, ಗಿಡದ ಹೆಸರು ಬಾಯಲ್ಲಿ ಬರಬಾರದು. ಬಂದರೆ ಗುಣ ಬಿಟ್ಟುಹೋಗುತ್ತದೆ. ಎದುರುಮನೆಯ ಶಾಂತಕ್ಕನಿಗೆ ವರ್ಷವಿಡೀ ಕೆಮ್ಮು. ಒಮ್ಮೆ ಬೇಸತ್ತು, “ಹೆಸರರ ಹೇಳ್ರಿ ಆಯಿ, ನಮ್ಮ ಹೊಲದಾಗೇ ಹುಡುಕೋತೇನಿ,” ಅಂದಳು. “ಹೆಸರು ತಗೊಂಡು ಏನ್ ಮಾಡ್ತಿ ಬೇ, ಲಗ್ನಪತ್ರಿಕಿ ಬರಸ್ತೀಯೇನು?” ಎಂದು ಆಯಿ ಅರೆಯುವುದನ್ನು ಮುಂದುವರಿಸಿದಳು.

ನಾನು ಆಗಲೇ ಚಿಂತೆಯ ಹುಡುಗಿ. ನಾಳೆ ಆಯಿಗೆ ಏನಾದರೂ ಆದರೆ ಈ ಎಲೆಗಳು ಯಾರಿಗೆ ಗೊತ್ತಾಗಬೇಕು? ಹಾಗಾಗಿ ಗಣಿತದ ವಹಿಯ ಹಿಂದಿನ ಹಾಳೆಗಳಲ್ಲಿ ಒಂದೊಂದೇ ಎಲೆ ಒತ್ತಿಟ್ಟು, ಹೆಸರು ಗೊತ್ತಿಲ್ಲದ್ದಕ್ಕೆ ರೋಗಿಯ ಹೆಸರನ್ನೇ ಬರೆದೆ: ಶಾಂತಕ್ಕನ ಕೆಮ್ಮು, ಮಾಸ್ತರರ ಹಲ್ಲು, ಕಾಕಾನ ಹೊಟ್ಟೆ. ಒಟ್ಟು ಹನ್ನೊಂದು. ಒಂದು ದಿನ ವಹಿ ಆಯಿಯ ಕೈಗೆ ಸಿಕ್ಕಿತು. ಓದಲು ಬಾರದ ಆಯಿ ಹಾಳೆ ತಿರುವಿ, ಎಲೆ ಮೂಸಿ, ಬಯ್ಯಲಿಲ್ಲ. ಅವತ್ತಿನಿಂದ ಅದು ನಮ್ಮ ಆಟವಾಯಿತು. ನನ್ನ ಕಣ್ಣು ಮುಚ್ಚಿ, ಎಲೆ ತಿಕ್ಕಿ ಮೂಗಿಗೆ ಹಿಡಿದು, “ಯಾರು ಬಂದಾರ ಹೇಳು?” ಅನ್ನುತ್ತಿದ್ದಳು. “ಮಾಸ್ತರು,” ಅನ್ನುತ್ತಿದ್ದೆ. ಮಧ್ಯಾಹ್ನ ಹೊಲದಿಂದ ಬಂದವಳು ಹಣೆಗೆ ಬಟ್ಟೆ ಬಿಗಿದುಕೊಂಡು ಮಲಗುತ್ತಿದ್ದಳು. ನಾನು ಆ ತಣ್ಣಗಿನ ಹಣೆಗೆ ಮೂಗು ಹಚ್ಚಿ ನಿದ್ದೆ ಹೋಗುತ್ತಿದ್ದೆ. ಬಟ್ಟೆ ಬಿಸಿಲಿಗೆಂದು ಕಟ್ಟಿದ್ದು, ವಾಸನೆ ಆಯಿಯ ಮೈಯದು ಅಂದುಕೊಂಡಿದ್ದೆ.

ನಾನು ಕಡಗಂಚಿಯ ಶಾಲೆಯಲ್ಲಿ ಕಲಿಸುತ್ತಿದ್ದಾಗ ಆಯಿಗೆ ಲಕ್ವಾ ಹೊಡೆಯಿತು. ಮಾತು ಹೋಯಿತು, ಬಲಗೈ ಹೋಯಿತು. ದವಾಖಾನೆಯವರು ತಮ್ಮ ಕೈಲಾದದ್ದು ಮಾಡಿ ಮನೆಗೆ ಕಳಿಸಿದರು. ಹಾಸಿಗೆಯಲ್ಲಿ ಆಯಿ ಎಡಗೈಯ ಬೆರಳಿಗೆ ಹೆಬ್ಬೆರಳು ತಿಕ್ಕಿ, ಮತ್ತೆ ಮತ್ತೆ ಹಣೆ ಮುಟ್ಟಿಕೊಳ್ಳುತ್ತಿದ್ದಳು. “ಹಣೆಬರಹ ಅನ್ನಾಕತ್ತಾಳ,” ಎಂದು ಅಪ್ಪ ಕಣ್ಣೊರೆಸಿಕೊಂಡ. ಅದು ಎಲೆ ತಿಕ್ಕುವ ಸನ್ನೆಯೆಂದು ನನಗೊಬ್ಬಳಿಗೆ ಗೊತ್ತಾಯಿತು. ಕೊನೆಗೂ ನನ್ನ ಚಿಂತೆ ಉಪಯೋಗಕ್ಕೆ ಬಂತೆಂದು ಒಳಗೊಳಗೇ ಹಿಗ್ಗಿ, ಸೆರಗಿನಲ್ಲಿ ಜೋಳ ಕಟ್ಟಿಕೊಂಡು, ವಹಿ ಹಿಡಿದು ಹೊಲಕ್ಕೆ ಓಡಿದೆ. ಹನ್ನೊಂದೂ ತಂದೆ. ಒಂದೊಂದೇ ತಿಕ್ಕಿ ಮೂಗಿಗೆ ಹಿಡಿದೆ. ಆಯಿ ಮೂಸಿದಳು, ಕೆಳಗೆ ಬಿಟ್ಟಳು. ಶಾಂತಕ್ಕ ಅಲ್ಲ, ಮಾಸ್ತರು ಅಲ್ಲ, ಕಾಕಾ ಅಲ್ಲ. ಮರುದಿನ ಆಳಂದದಿಂದ ಔಷಧಿ ಗಿಡಗಳನ್ನು ಪರಿಚಯಿಸುವ ಪುಸ್ತಕವೊಂದನ್ನು ತಂದು, ತಲೆಯಾಡಿಸಿದರೆ ಸಾಕು ಎಂದು ಕಿವಿಯ ಹತ್ತಿರ ಕೂತು ಓದತೊಡಗಿದೆ: ನೆಲನೆಲ್ಲಿ, ಅಮೃತಬಳ್ಳಿ, ಉತ್ತರಾಣಿ. ಮೂರನೆಯದಕ್ಕೆ ಆಯಿಯ ಎಡಗೈ ಎದ್ದು ಬಂದು ನನ್ನ ಬಾಯಿ ಮುಚ್ಚಿತು. ಅಷ್ಟು ಬಲ ಆ ಕೈಯಲ್ಲಿ ಎಲ್ಲಿತ್ತೋ. ಮೂರು ಗಿಡಗಳ ಗುಣ ಕೆಡಿಸಿ ನಾನು ಪುಸ್ತಕ ಮುಚ್ಚಿದೆ. ಆ ವಾರದಲ್ಲೇ ಆಯಿ ಹೋದಳು, ಹೋಗುವವರೆಗೂ ಬೆರಳು ತಿಕ್ಕುತ್ತಲೇ ಇದ್ದಳು.

ಹೋದ ತಿಂಗಳು ಬಸ್ಸು ನಿಂತ ಅವತ್ತು ಆ ಬದುವಿನಲ್ಲಿ ಬಗ್ಗಿ ನೋಡಿದೆ. ಮೊಣಕಾಲೆತ್ತರದ ಗಿಡ, ಬೂದಿಬಣ್ಣದ ಸಣ್ಣ ಎಲೆ, ಆಡು ತುಳಿದು ಮುರಿದ ಒಂದು ಟೊಂಗೆ. ಹಣೆಗೆ ಬಿಗಿದ ಬಟ್ಟೆಯೊಳಗೆ ಇದು ಇತ್ತು. ವಹಿಯಲ್ಲಿ ರೋಗಿಗಳ ಹೆಸರು ಬರೆದವಳಿಗೆ, ಆಯಿಗೂ ತಲೆ ನೋಯುತ್ತದೆ ಎಂದು ಹೊಳೆದಿರಲೇ ಇಲ್ಲ. ಊರಿನವರ ಹೊಟ್ಟೆ ಹಲ್ಲುಗಳ ಚಿಂತೆಯೆಲ್ಲ ಮಾಡಿ, ಅದೊಂದನ್ನು ಬಿಟ್ಟಿದ್ದೆ.

ಆಡು ಕಾಯುವ ಮುದುಕಿ ಹತ್ತಿರ ಬಂದಳು. “ಏನ್ ನೋಡಾಕತ್ತೀರಿ ಅಕ್ಕೋರ? ಕಸ ಅದರಿ ಅದು. ನಾಳಿಗಿ ಕಸ ಸಾಯೋ ಎಣ್ಣಿ ಹೊಡಿತಾರ, ಬದಾ ಎಲ್ಲಾ ಸ್ವಚ್ಛ ಆಗ್ತದ.” ಹೆಸರು ಕೇಳಲು ಬಾಯಿ ತೆರೆದೆ. ತುಟಿಯ ಮೇಲೆ ಆಯಿಯ ಆ ಎಡಗೈ ಬಂದಂತಾಯಿತು. ಬ್ಯಾಗಿಗೆ ಕೈ ಹಾಕಿದೆ. ತಲೆನೋವಿನ ಗುಳಿಗೆ, ಹೊಟ್ಟೆನೋವಿನ ಗುಳಿಗೆ, ಬಿ.ಪಿ.ದು, ವಾಂತಿಯದು, ಗುಳಿಗೆಗಳ ಚೀಟಿಗಳು, ಎಲ್ಲ ಇದ್ದವು. ತಡಕಿ ತಡಕಿ ಮೂಲೆಯವರೆಗೂ ನೋಡಿದೆ. ಒಂದು ಕಾಳು ಜೋಳ ಇರಲಿಲ್ಲ.

ಗಾಲಿ ಕೂರಿಸಿ ಬಸ್ಸಿನವರು ಹಾರ್ನ್ ಹೊಡೆದರು. ಗಿಡವನ್ನು ಮುಟ್ಟದೆ ಬಂದು ಹತ್ತಿ ಕೂತೆ.