ತಪ್ಪು ಪುಟದ ವಾಚನ

"ಮಗೂ, ಇದು ಇವತ್ತಿನ ವಾಚನ ಅಲ್ಲ" ಎಂದು ಫಾದರ್ ಮೆಲ್ಲಗೆ ಹೇಳುವಷ್ಟರಲ್ಲಿ ನನ್ನ ಹನ್ನೆರಡರ ಮಗಳು ಓದಿ ಮುಗಿಸಿಬಿಟ್ಟಿದ್ದಳು. ತಿ. ನರಸೀಪುರದ ನಮ್ಮ ಚರ್ಚಿನ ಭಾನುವಾರದ ಪೂಜೆಯಲ್ಲಿ ಅವಳು ಬೈಬಲ್ ಓದಲು ನಿಂತಿದ್ದು ಅದೇ ಮೊದಲು. ಹೆತ್ತವಳು ಕೂಸನ್ನು ಮರೆತರೂ ದೇವರು ಮರೆಯುವುದಿಲ್ಲ ಎಂಬ ಭಾಗ ಅದು. ಸರಿಯಾದ ಪುಟ ತೆಗೆದು ಓದಿ ಬಂದವಳು, "ಇನ್ಮೇಲೆ ನಾನು ಓದಲ್ಲಮ್ಮ" ಎಂದು ಮುಖ ಮುಚ್ಚಿಕೊಂಡಳು.

ಪೂಜೆ ಮುಗಿದಾಗ ಕೊನೆಯ ಬೆಂಚಿನಿಂದ ಹೆಂಗಸೊಬ್ಬಳು ಎದ್ದು ಬಂದಳು. ಹಣೆಯಲ್ಲಿ ವಿಭೂತಿ. ಮೈಸೂರಿನ ಬಸ್ಸು ತಡವೆಂದು ಒಳಗೆ ಬಂದು ಕೂತಿದ್ದಳಂತೆ. "ನಮ್ಮನೆಯವ್ರು ಆಸ್ಪತ್ರೇಲವ್ರೆ. ಆಲು ಕುಡಿಯೋ ಕೂಸ ಅತ್ತೆ ತಾವ ಬುಟ್ಟು ಬಂದಿವ್ನಿ. ನೀ ಮೊದ್ಲು ಓದಿದ್ಯಲ್ಲ, ಅದ ಇನ್ನೊಂದ್ಸಲ ಓದವ್ವ" ಎಂದು ಮಗಳ ಕೈ ಹಿಡಿದಳು.

ಮಗಳು ನನ್ನತ್ತ ನೋಡಲೂ ಇಲ್ಲ. ಗ್ರಂಥ ತೆರೆದು, ಎಲ್ಲಿಯೂ ತಡವರಿಸದೆ, ನಿಧಾನವಾಗಿ ಓದಿದಳು. ಆ ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಸ್ಸಿಗೆ ಹೊರಟಳು.

ಹಿಂದಿನ ದಿನ ಗ್ರಂಥದ ಧೂಳೊರೆಸುವಾಗ ಗುರುತಿನ ರಿಬ್ಬನ್ ಜಾರಿತ್ತು. ಅಂದಾಜಿನ ಮೇಲೆ ಅದನ್ನು ಯಾವುದೋ ಪುಟಕ್ಕೆ ಸೇರಿಸಿದವಳು ನಾನೇ. ದೇವರು ತನ್ನ ಕೆಲಸಕ್ಕೆ ನನ್ನ ಅಜಾಗ್ರತೆಯನ್ನೂ ಬಳಸಿಕೊಂಡ ಎಂದು ನಂಬಿದ್ದೇನೆ. ಈಗಲೂ ಯಾರಾದರೂ "ಅವತ್ತು ತಪ್ಪು ಓದಿದ್ದು ನಿಮ್ಮ ಮಗಳಲ್ವಾ?" ಎಂದು ಕೇಳಿದರೆ, ಹೌದು, ನನ್ನ ಮಗಳೇ ಎಂದು ತಲೆಯೆತ್ತಿ ಹೇಳುತ್ತೇನೆ.